ನಿಮ್ಮ ಪ್ರಶ್ನೆ: ಆಮೆಗಾಗಿ ಮೇಕೆಗಳನ್ನು ಕೊಲ್ಲಬೇಕಿತ್ತಾ?

ಹೋದ ಸಂಚಿಕೆಯಲ್ಲಿ ಗಲಾಪಗೋಸ್ ದ್ವೀಪಗಳ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಪ್ರಶ್ನೆಗಳು ಸಾಲುಗಟ್ಟಿವೆ. ಜಾಗ ಇದ್ದಷ್ಟಕ್ಕೆ ಉತ್ತರ ಕೊಡುತ್ತೇನೆ.

ಪ್ರಶ್ನೆ (ಮೂಡಿಗೆರೆಯಿಂದ): ಆಮೆ ಉಳಿಸೋಕೆ ಅಂತ ಅಲ್ಲಿ ಲಕ್ಷಕ್ಕೂ ಜಾಸ್ತಿ ಮೇಕೆಗಳನ್ನು ಗುಂಡಿಟ್ಟು ಕೊಂದರಂತೆ. ಇದು ಯಾವ ಸೀಮೆ ನ್ಯಾಯ ಸ್ವಾಮಿ?

ಕೊಂದದ್ದು ನಿಜ. ಲೆಕ್ಕ ಒಂದೂವರೆ ಲಕ್ಷ ದಾಟುತ್ತದೆ. ನನ್ನನ್ನು ಕೇಳಿದರೆ, ಸರಿಯಾಗೇ ಮಾಡಿದರು. ಬೈಯುವ ಮುಂಚೆ ಪೂರ್ತಿ ಕೇಳಿ.

ಈ ದ್ವೀಪಗಳು ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1000 ಕಿ.ಮೀ. ದೂರ, ಪೆಸಿಫಿಕ್ ಸಾಗರದ ನಡುವೆ ಇವೆ. ಸಮುದ್ರದ ತಳದಿಂದ ಲಾವಾ ಉಕ್ಕಿ ಹುಟ್ಟಿದ ನೆಲ. ಯಾವ ಖಂಡಕ್ಕೂ ಅಂಟಿಕೊಂಡಿರಲಿಲ್ಲ. ಹಾಗಾಗಿ ಹಾರಿ ಬಂದದ್ದು, ತೇಲಿ ಬಂದದ್ದು ಮಾತ್ರ ಅಲ್ಲಿ ಬದುಕಿತು. ಹುಲ್ಲು ಸೊಪ್ಪು ಮೇಯುವ ದೊಡ್ಡ ಪ್ರಾಣಿ ಅಂದರೆ ಆಮೆಯೇ. ಮೇಕೆ ತಾನಾಗಿ ಬಂದದ್ದಲ್ಲ, ಮನುಷ್ಯ ತಂದು ಬಿಟ್ಟದ್ದು. ಪಿಂಟಾ ಎಂಬ ದ್ವೀಪದಲ್ಲಿ 1959ರಲ್ಲಿ ಮೀನುಗಾರರು ಬರೀ ಮೂರು ಮೇಕೆ ಬಿಟ್ಟರು, ಮುಂದೆ ಬಂದಾಗ ಊಟಕ್ಕೆ ಆಗುತ್ತದೆ ಅಂತ. ಕೆಲವೇ ವರ್ಷಗಳಲ್ಲಿ ಅವು ಸಾವಿರಾರು ಆದವು.

ಇಸಬೆಲಾ ದ್ವೀಪದ ಕಥೆ ಇನ್ನೂ ಕಷ್ಟದ್ದು. ಅಲ್ಲಿನ ಅಲ್ಸೆಡೋ ಬೆಟ್ಟದ ಮೇಲೆ ಒಣಗಾಲದಲ್ಲಿ ಮಳೆ ಇಲ್ಲ, ಮಂಜು ಮಾತ್ರ. ಮರದ ಎಲೆ, ಪಾಚಿಗೆ ತಗುಲಿದ ಮಂಜು ತೊಟ್ಟಿಕ್ಕಿ ಕೆಳಗೆ ಸಣ್ಣ ಗುಂಡಿ ತುಂಬುತ್ತಿತ್ತು. ಆಮೆಗಳು ಕುಡಿಯುತ್ತಿದ್ದದ್ದು ಆ ನೀರನ್ನೇ. ಮೇಕೆಗಳು ಸೊಪ್ಪು, ತೊಗಟೆ, ಎಳೆ ಗಿಡ ಎಲ್ಲಾ ಬೋಳಿಸಿದ ಮೇಲೆ ಮಂಜು ಬಂದರೂ ಹಿಡಿಯುವವರಿಲ್ಲ, ಗುಂಡಿಯೂ ಒಣಗಿತು. ಮೇವಿನ ಜೊತೆ ನೀರೂ ಹೋಯಿತು, ಅಲ್ವಾ?

ಹಿಡಿದು ಸಾಗಿಸಬಹುದಿತ್ತಲ್ಲ ಅನ್ನುತ್ತೀರಿ. ರಸ್ತೆಯಿಲ್ಲ, ನೀರಿಲ್ಲ, ಕಾಲಿಟ್ಟರೆ ಕೊಯ್ಯುವ ಲಾವಾ ಬಂಡೆ. 1997ರಿಂದ 2006ರವರೆಗೆ ನಡೆದ ಕೆಲಸದಲ್ಲಿ ಹೆಲಿಕಾಪ್ಟರ್ ಬೇಕಾಯಿತು. ಕೊನೆಗೆ ಬಚ್ಚಿಟ್ಟುಕೊಂಡ ಮೇಕೆಗಳನ್ನು ಹುಡುಕೋಕೆ, ಮರಿ ಹಾಕದ ಹಾಗೆ ಮಾಡಿದ ಹೆಣ್ಣು ಮೇಕೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಟ್ಟರು. ಮೇಕೆಗೆ ಒಂಟಿಯಾಗಿರೋಕೆ ಆಗಲ್ಲ, ಹೋಗಿ ಹಿಂಡು ಸೇರುತ್ತದೆ. ಬೇಟೆಗಾರರು ಅದರ ಹಿಂದೆ. ಓದುವಾಗ ಹೊಟ್ಟೆ ತೊಳಸುತ್ತದೆ, ಒಪ್ಪುತ್ತೇನೆ. ಆದರೆ ಅರ್ಧ ಕೊಂದು ಬಿಟ್ಟಿದ್ದರೆ ಮತ್ತೆ ಅಷ್ಟೇ ಆಗುತ್ತಿದ್ದವು, ಮತ್ತೆ ಕೊಲ್ಲಬೇಕಿತ್ತು. ಮೇಕೆ ಜಗತ್ತಿನ ತುಂಬಾ ಇದೆ. ಆ ಆಮೆ ಬೇರೆಲ್ಲೂ ಇಲ್ಲ.

ಪ್ರಶ್ನೆ (ಅರಸೀಕೆರೆಯಿಂದ): ಕೊನೆಯ ಆಮೆ ಸತ್ತುಹೋಯಿತು ಅಂತ ಓದಿದ್ದೆ. ಮತ್ತೆ ಉಳಿಸಿದ್ದು ಏನನ್ನು?

ನೀವು ಹೇಳುತ್ತಿರುವುದು ಲೋನ್‌ಸಮ್ ಜಾರ್ಜ್ ವಿಷಯ. ಪಿಂಟಾ ದ್ವೀಪದ ತಳಿಯಲ್ಲಿ ಉಳಿದಿದ್ದ ಒಂದೇ ಆಮೆ. 1971ರಲ್ಲಿ ಕಂಡಿತು, 2012ರ ಜೂನ್ 24ರಂದು ಸತ್ತಿತು. ಜೊತೆಗೆ ಬೇರೆ ತಳಿಯ ಹೆಣ್ಣುಗಳನ್ನು ಬಿಟ್ಟು ನೋಡಿದರು, ಮರಿ ಆಗಲಿಲ್ಲ. ಆದರೆ ಬೇರೆ ದ್ವೀಪಗಳಿಗೆ ಬೇರೆ ತಳಿಗಳಿವೆ. ಎಸ್ಪಾನ್ಯೋಲಾ ದ್ವೀಪದಲ್ಲಿ ಉಳಿದಿದ್ದದ್ದು 14, ಅದರಲ್ಲಿ ಗಂಡು ಎರಡೇ. ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಿಂದ ಡಿಯಾಗೋ ಎಂಬ ಮೂರನೇ ಗಂಡನ್ನು ವಾಪಸ್ ತಂದು ಸಾಕಿ, ಸುಮಾರು 2000 ಮರಿಗಳನ್ನು ದ್ವೀಪಕ್ಕೆ ಬಿಟ್ಟರು. ಇನ್ನು ಫರ್ನಾಂಡಿನಾ ದ್ವೀಪದಲ್ಲಿ 1906ರ ನಂತರ ಯಾರೂ ಖಚಿತವಾಗಿ ನೋಡದ ತಳಿಯ ಒಂದು ಹೆಣ್ಣು 2019ರಲ್ಲಿ ಸಿಕ್ಕಿತು. ಅದಕ್ಕೆ ಗಂಡು ಹುಡುಕುತ್ತಿದ್ದಾರೆ.

ಪ್ರಶ್ನೆ (ಚಿಕ್ಕಮಗಳೂರಿನ ವಿದ್ಯಾರ್ಥಿನಿ): ನಮ್ಮ ಬಾಬಾಬುಡನ್ ಗಿರಿ ಕುದುರೆ ಲಾಳದ ಹಾಗಿದೆ. ಅದೂ ಜ್ವಾಲಾಮುಖಿಯ ಬಾಯಿಯೇ?

ಅಲ್ಲ ಪುಟ್ಟಿ. ಆ ಆಕಾರ ಬಂಡೆಯ ಪದರಗಳು ಮಡಿಸಿಕೊಂಡು, ಆಮೇಲೆ ಸವೆದು ಬಂದದ್ದು. ಆದರೆ ಅಲ್ಲಿನ ಕಲ್ಲಿನಲ್ಲಿ ಹಳೇ ಲಾವಾ ಇರುವುದು ನಿಜ, 250 ಕೋಟಿ ವರ್ಷಕ್ಕಿಂತ ಹಿಂದಿನದು. ಗಲಾಪಗೋಸ್ ಅದರ ಮುಂದೆ ಹಸುಗೂಸು, ಅಲ್ಲಿನ ಹಳೇ ದ್ವೀಪಕ್ಕೂ ಕೆಲವು ದಶಲಕ್ಷ ವರ್ಷ ಅಷ್ಟೇ. ಹೊಗೆಯಾಡುವ ಜ್ವಾಲಾಮುಖಿಯೇ ಬೇಕೆಂದರೆ ನಮ್ಮ ಅಂಡಮಾನಿನಲ್ಲಿ ಬ್ಯಾರೆನ್ ದ್ವೀಪ ಇದೆ. ಅಲ್ಲೂ ಮೇಕೆ ಬಿಟ್ಟಿದ್ದಾರೆ ಅನ್ನುವುದು ಬೇರೆ ಮಾತು.

ಪ್ರಶ್ನೆ (ಸಕಲೇಶಪುರದ ಬೆಳೆಗಾರರು): ಅಲ್ಲೂ ಕಾಫಿ ಬೆಳೀತಾರಂತೆ, ಹೌದಾ?

ಹೌದು. ಸ್ಯಾನ್ ಕ್ರಿಸ್ಟೋಬಲ್ ದ್ವೀಪದ ಮೇಲುಭಾಗದಲ್ಲಿ 19ನೇ ಶತಮಾನದಿಂದ ಅರೇಬಿಕಾ ಇದೆ. ಅವರ ತಲೆನೋವೂ ನಿಮಗೆ ಪರಿಚಯದ್ದೇ. ಲಂಟಾನ ಅಲ್ಲೂ ಹಬ್ಬಿದೆ. ನಾವು ಪ್ರೀತಿಯಿಂದ ತಿನ್ನುವ ಸೀಬೆ ಅಲ್ಲಿ ಕಳೆ, ಕಾಡನ್ನೇ ನುಂಗುತ್ತಿದೆ. ಆಫ್ರಿಕನ್ ಬಸವನಹುಳು 2010ರಲ್ಲಿ ಸಾಂತಾಕ್ರೂಸ್ ದ್ವೀಪದಲ್ಲಿ ಕಂಡಾಗ, ರಾತ್ರಿ ಟಾರ್ಚ್ ಹಿಡಿದು ಆಯುವುದರ ಜೊತೆಗೆ, ವಾಸನೆ ಹಿಡಿಯುವ ನಾಯಿಗಳನ್ನೂ ತರಬೇತಿ ಕೊಟ್ಟು ಬಿಟ್ಟರು. ನಮ್ಮ ತೋಟಗಳಿಗೂ ಅಂಥ ನಾಯಿ ಬೇಕು ಅಂತ ನೀವು ಬರೆಯುವ ಮುಂಚೆಯೇ ಹೇಳಿಬಿಡುತ್ತೇನೆ: ಹುಳು ಕಡಿಮೆ ಇದ್ದಾಗ, ಸಣ್ಣ ಜಾಗದಲ್ಲಿದ್ದಾಗ ಮಾತ್ರ ಆ ಉಪಾಯ ಚೆನ್ನಾಗಿ ನಡೆಯುತ್ತದೆ. ಎಕರೆಗಟ್ಟಲೆ ಹಬ್ಬಿದ ಮೇಲೆ ನಾಯಿ ಏನು ಮಾಡೀತು, ಕಾಲಿಟ್ಟಲ್ಲೆಲ್ಲಾ ಬಸವನಹುಳುವೇ.