ಮಲ್ಲಿಗೆ ದರದ ಪುಟ: ‘ರೆಲ್’ ಬೇಕಾ, ‘ಪ್ರಾಪರ್ಟಿ’ ಸಾಕಾ?

ಶಂಕರಪುರ ಮಲ್ಲಿಗೆಯ ವೆಬ್ ಪುಟಕ್ಕೆ ಆರ್‌ಡಿಎಫ್‌ಎ (ಯಾವುದು ಹೆಸರು, ಯಾವುದು ದರ ಅಂತ ಹುಡುಕುಯಂತ್ರಕ್ಕೆ ತಿಳಿಸಲು ಪುಟದ ಎಚ್‌ಟಿಎಂಎಲ್ ಟ್ಯಾಗುಗಳಲ್ಲಿ ಬರೆಯುವ ಗುರುತು) ಹಾಕುವಾಗ ಟ್ಯಾಗಿನಲ್ಲಿ ‘ರೆಲ್’ ಬಳಸುವುದಾ ‘ಪ್ರಾಪರ್ಟಿ’ಯಾ ಅಂತ ಕೇಳಿದ್ರಿ. ಯಂತ್ರ ಓದುವಾಗ ಹೆಸರಿನ ಜಾಗದಲ್ಲಿ ಲಿಂಕ್ ಬರ್ತಾ ಉಂಟು, ದರವೂ ಸರಿ ಬರುವುದಿಲ್ಲ ಅಂತಲೂ ಬರೆದಿದ್ದೀರಿ.

ಪ್ರಾಪರ್ಟಿ ಸಾಕು ಮಾರಾಯ್ರೆ. 2008ರ ಆರ್‌ಡಿಎಫ್‌ಎಯಲ್ಲಿ ಪ್ರಾಪರ್ಟಿಯಿಂದ ಬರೀ ಪಠ್ಯ ಸಿಗ್ತಿತ್ತು, ಲಿಂಕಿಗೆ ರೆಲ್ಲೇ ಬೇಕಿತ್ತು. 2012ರ 1.1ರಿಂದ ಪ್ರಾಪರ್ಟಿ ಇರುವ ಟ್ಯಾಗಿನಲ್ಲೇ ಹೆಚ್‌ರೆಫ್ (ಲಿಂಕಿನ ವಿಳಾಸ) ಅಥವಾ ಎಸ್‌ಆರ್‌ಸಿ (ಚಿತ್ರದಂಥದ್ದರ ವಿಳಾಸ) ಇದ್ರೆ ಆ ವಿಳಾಸವೇ ಮೌಲ್ಯ. ನಿಮ್ಮಲ್ಲಿ ಆದದ್ದೂ ಅದೇ. ಲಿಂಕ್ ಮಾಡುವ ಎ ಟ್ಯಾಗಿಗೇ ಪ್ರಾಪರ್ಟಿಯಾಗಿ ‘ನೇಮ್’ ಕೊಟ್ಟಿದ್ದೀರಿ. ಒಳಗಿನ "ಶಂಕರಪುರ ಮಲ್ಲಿಗೆ" ಬಿಟ್ಟು ಯಂತ್ರ ವಿಳಾಸವನ್ನು ಎತ್ತಿಕೊಂಡಿತು. ಎ ಟ್ಯಾಗಿಗೆ ‘ಯುಆರ್‌ಎಲ್’ ಕೊಡಿ, ಅದರೊಳಗೆ ಪಠ್ಯವನ್ನು ಸುತ್ತುವ ಒಂದು ಸ್ಪ್ಯಾನ್ ಟ್ಯಾಗ್ ಇಟ್ಟು ನೇಮ್ ಅದಕ್ಕೆ ಕೊಡಿ. ಇಂಥದ್ದೇ ಇನ್ನೊಂದು ಗುರುತಿನ ವಿಧಾನವಾದ ಮೈಕ್ರೋಡೇಟಾದಲ್ಲಿ ಪ್ರಾಪರ್ಟಿಯ ಬದಲು ಬಳಸುವ ಐಟಮ್‌ಪ್ರಾಪ್‌ಗೂ ಇದೇ ಮದ್ದು.

ಅಲ್ಲಿ ಪ್ರಾಪರ್ಟಿ ತೆಗೆದು ರೆಲ್ ಹಾಕ್ಲಿಕ್ಕೆ ಹೋಗ್ಬೇಡಿ. ರೆಲ್ ಇರುವ ಲಿಂಕಿನ ಒಳಗೆ ಬರೆದದ್ದೆಲ್ಲ ಆ ವಿಳಾಸದ ಗುಣ ಆಗ್ತದೆ. ಹೆಸರು ಮಲ್ಲಿಗೆಯಿಂದ ಕಳಚಿ ಅತ್ತ ಅಂಟಿಕೊಳ್ತದೆ, ಪುಟ ನೋಡಿದ್ರೆ ಏನೂ ಗೊತ್ತಾಗುವುದಿಲ್ಲ. ಪ್ರಾಪರ್ಟಿ ಜೊತೆಗೆ ‘ನೋಫಾಲೋ’ಗೆ (ಹುಡುಕುಯಂತ್ರ ಈ ಲಿಂಕ್ ಹಿಂಬಾಲಿಸುವುದು ಬೇಡ ಅನ್ನುವ ಸೂಚನೆ) ಮಾತ್ರ ಹಾಕಿದ ರೆಲ್ ಇದ್ರೆ ಇರಲಿ, ಅದರಿಂದ ತೊಂದರೆ ಇಲ್ಲ.

ಇನ್ನು ದರ. ನೀವು "ಅಟ್ಟೆಗೆ ₹೧,೨೫೦" ಅಂತ ಕನ್ನಡ ಅಂಕಿಯಲ್ಲಿ ಬರೆದದ್ದು ಓದುವವರಿಗೆ ಚಂದ, ಅದನ್ನು ಬದಲಿಸಬೇಡಿ. ಆದರೆ ಯಂತ್ರಕ್ಕೆ ಅದು ಸಂಖ್ಯೆ ಅಲ್ಲ. ಅದೇ ಸ್ಪ್ಯಾನಿಗೆ ‘ಪ್ರೈಸ್’ ಪ್ರಾಪರ್ಟಿ, ಜೊತೆಗೆ ‘ಕಂಟೆಂಟ್’ನಲ್ಲಿ ಇಂಗ್ಲಿಷ್ ಅಂಕಿಯ 1250: ಅಲ್ಪವಿರಾಮ, ರೂಪಾಯಿ ಚಿಹ್ನೆ ಎರಡೂ ಬೇಡ. ‘ಪ್ರೈಸ್‌ಕರೆನ್ಸಿ’ಗೆ ಬೇರೆ ಮೆಟಾ ಟ್ಯಾಗ್ (ಪುಟದಲ್ಲಿ ಕಾಣದ ಟ್ಯಾಗ್), ಕಂಟೆಂಟ್ ಐಎನ್‌ಆರ್ (ರೂಪಾಯಿಯ ಸಂಕೇತಾಕ್ಷರ). ಮೈಕ್ರೋಡೇಟಾ ಆದ್ರೆ ನಿಯಮದ ಪ್ರಕಾರ ಕಂಟೆಂಟ್ ಮೆಟಾಗೆ ಮಾತ್ರ. ದರಕ್ಕೆ ‘ಡೇಟಾ’ ಟ್ಯಾಗ್ ಬಳಸಿ ‘ವ್ಯಾಲ್ಯೂ’ನಲ್ಲಿ ಸಂಖ್ಯೆ ಬರೀರಿ.

ಕಂಟೆಂಟ್ ಇದ್ದಲ್ಲಿ ಕಣ್ಣಿಗೆ ಕಾಣುವ ಪಠ್ಯವನ್ನು ಯಂತ್ರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮಲ್ಲಿಗೆ ದರ ದಿನಾ ಏರಿಳಿಯುವಂಥದ್ದು. ಕಾಣುವ ದರ ಬದಲಿಸಿ ಕಂಟೆಂಟ್‌ನದ್ದು ಮರೆತರೆ ಗಿರಾಕಿಗೆ ಒಂದು ದರ, ಹುಡುಕಾಟದಲ್ಲಿ ಇನ್ನೊಂದು. ಎರಡನ್ನೂ ಒಂದೇ ಕಡೆಯಿಂದ ತುಂಬಿಸಿ. ಹೆಸರು, ವಿವರಣೆಗಳಿಗೆ ಕಂಟೆಂಟ್ ಬೇಡವೇ ಬೇಡ, ಕಾಣುವ ಪಠ್ಯವೇ ಸಾಕು. ಅಟ್ಟೆ ಅಂದ್ರೆ ಹೊರಗಿನವರಿಗೆ ಗೊತ್ತಾಗದು, ವಿವರಣೆಯಲ್ಲಿ "ನಾಲ್ಕು ಚೆಂಡು" ಅಂತ ಸೇರಿಸಿ. ಈ ದರ ಯಾವ ದಿನದವರೆಗೆ ಅನ್ನುವುದಕ್ಕೆ ಟೈಮ್ ಟ್ಯಾಗ್. ‘ಡೇಟ್‌ಟೈಮ್’ನಲ್ಲಿ 2026-01-18 ಹೀಗೆ ವರ್ಷ ಮೊದಲು.

ಮುಗಿದ ಮೇಲೆ ಸ್ಕೀಮಾ ಡಾಟ್ ಆರ್ಗ್‌ನ (ನೇಮ್, ಪ್ರೈಸ್‌ನಂಥ ಹೆಸರುಗಳು ಬಂದದ್ದು ಅಲ್ಲಿಂದ) ವ್ಯಾಲಿಡೇಟರಿಗೆ, ಅಂದ್ರೆ ತಪ್ಪು ಹುಡುಕುವ ಪುಟಕ್ಕೆ, ಹಾಕಿ ನೋಡಿ. ದರ ‘ಆಫರ್’ (ಮಾರಾಟದ ವಿವರ) ಕೆಳಗೆ ಬರದೆ ನೇರ ‘ಪ್ರಾಡಕ್ಟ್’ (ಸರಕು) ಕೆಳಗೆ ನೇತಾಡ್ತಿದ್ರೆ, ‘ಆಫರ್ಸ್’ ಬರೆದ ಟ್ಯಾಗಿನಲ್ಲಿ ಇದು ಯಾವ ಬಗೆಯದು ಅಂತ ಹೇಳುವ ‘ಟೈಪ್‌ಆಫ್’ ಬಿಟ್ಟುಹೋಗಿದೆ.