ಪ್ರಶ್ನೋತ್ತರ: ಔಷಧ ಪ್ರಯೋಗಕ್ಕೆ ಹೆಸರು ಕೊಡುವ ಮುನ್ನ

ಪ್ರಶ್ನೆ: ನನಗೆ 26 ವರ್ಷ, ಯಾವ ಕಾಯಿಲೆಯೂ ಇಲ್ಲ. ಹೊಸ ಔಷಧವೊಂದರ ಮೊದಲ ಹಂತದ ಪ್ರಯೋಗಕ್ಕೆ ಆರೋಗ್ಯವಂತ ಸ್ವಯಂಸೇವಕರು ಬೇಕು ಎಂಬ ಜಾಹೀರಾತು ನೋಡಿದೆ. ಸೇರಿದರೆ ಏನೇನು ಮಾಡುತ್ತಾರೆ? ಜೀವಕ್ಕೆ ಅಪಾಯವಿದೆಯೇ?

ಉತ್ತರ: ಮೊದಲ ಹಂತದಲ್ಲಿ ಸಾಮಾನ್ಯವಾಗಿ 20ರಿಂದ 100 ಜನರ ಮೇಲೆ ಔಷಧವನ್ನು ನೋಡುತ್ತಾರೆ. ಅದು ಕಾಯಿಲೆ ವಾಸಿಮಾಡುತ್ತದೆಯೇ ಎಂಬ ಮಾತು ಇಲ್ಲಿ ಇನ್ನೂ ಬಂದಿರುವುದಿಲ್ಲ. ಮೈ ಎಷ್ಟು ಡೋಸನ್ನು ತಡೆದುಕೊಳ್ಳುತ್ತದೆ, ರಕ್ತದಲ್ಲಿ ಔಷಧ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಳೆಯುತ್ತಾರೆ. ಆದ್ದರಿಂದ ನಿಮ್ಮ ಆರೋಗ್ಯಕ್ಕೆ ಇದರಿಂದ ಲಾಭವೇನೂ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ ಅನುಮಾನಪಡಿ.

ಶುರುವಾಗುವುದು ಸಮ್ಮತಿ ಪತ್ರದಿಂದ. ಪುಟಗಟ್ಟಲೆ ಇರುತ್ತದೆ, ಮನೆಗೆ ಒಯ್ದು ಓದುತ್ತೇನೆ ಎಂದರೆ ಬೇಡ ಅನ್ನುವಂತಿಲ್ಲ. ಸಹಿಯಾಗುವ ಮೊದಲು ಪ್ರಯೋಗಕ್ಕಾಗಿ ಒಂದು ಹನಿ ರಕ್ತವನ್ನೂ ತೆಗೆಯಬಾರದು. ಸಹಿ ಮಾಡಿದ ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ಆಮೇಲೆ ಸ್ಕ್ರೀನಿಂಗ್, ಅಂದರೆ ನೀವು ಪ್ರಯೋಗಕ್ಕೆ ತಕ್ಕವರೇ ಎಂಬ ತಪಾಸಣೆ: ರಕ್ತ, ಮೂತ್ರ, ಇಸಿಜಿ, ಬಿಪಿ. ಆಯ್ಕೆಯಾದರೆ ಸಾಮಾನ್ಯವಾಗಿ ಡೋಸಿನ ಹಿಂದಿನ ದಿನವೇ ದಾಖಲಾಗಬೇಕು. ಉಪವಾಸದಲ್ಲಿ ಕೊಡುವ ಗುಳಿಗೆಯಾದರೆ ರಾತ್ರಿಯಿಂದ ಸುಮಾರು 10 ಗಂಟೆ ಊಟವಿಲ್ಲ, ನುಂಗಿದ ಮೇಲೂ 4 ಗಂಟೆ ಇಲ್ಲ. ನುಂಗಿದಿರೋ ಇಲ್ಲವೋ ಎಂದು ಬಾಯಿ ತೆರೆಸಿ ನಾಲಗೆಯ ಅಡಿಯನ್ನೂ ನೋಡುತ್ತಾರೆ. ಬೇಸರ ಮಾಡಿಕೊಳ್ಳಬೇಡಿ, ಎಲ್ಲರಿಗೂ ಹಾಗೆಯೇ. ಕೈಯ ರಕ್ತನಾಳಕ್ಕೆ ಕ್ಯಾನುಲಾ ಎಂಬ ಸಣ್ಣ ಕೊಳವೆ ಹಾಕಿ ಮೊದಲ ಕೆಲವು ಗಂಟೆ ಪದೇಪದೇ, ನಂತರ ಅಂತರ ಹೆಚ್ಚಿಸುತ್ತಾ ರಕ್ತ ತೆಗೆಯುತ್ತಾರೆ. ಗ್ರೇಪ್‌ಫ್ರೂಟ್, ಚಕೋತ ತಿನ್ನಬೇಡಿ ಎಂದರೆ ಅದು ಬರಿಯ ಪಥ್ಯವಲ್ಲ. ಆ ಹಣ್ಣುಗಳು ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ತಡೆಯುತ್ತವೆ. ಹಾಗಾದಾಗ ಕೆಲವು ಔಷಧಗಳು, ನುಂಗಿದ್ದು ಅಷ್ಟೇ ಆದರೂ, ರಕ್ತಕ್ಕೆ ಎಷ್ಟೋ ಪಾಲು ಹೆಚ್ಚು ಸೇರುತ್ತವೆ.

ಅಪಾಯದ ವಿಷಯ. ದೊಡ್ಡ ಅನಾಹುತಗಳು ಅಪರೂಪ, ಆದರೆ ಆಗಿವೆ. 2006ರಲ್ಲಿ ಲಂಡನ್‌ನಲ್ಲಿ ಟಿಜಿಎನ್1412 ಎಂಬ ಔಷಧವನ್ನು ಆರು ಜನರಿಗೆ ಸುಮಾರು ಹತ್ತು ಹತ್ತು ನಿಮಿಷದ ಅಂತರದಲ್ಲಿ ಕೊಟ್ಟರು. ಮೊದಲನೆಯವರಿಗೆ ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ಉಳಿದವರ ಮೈಗೂ ಔಷಧ ಹೋಗಿಯಾಗಿತ್ತು. ಆರೂ ಜನ ತೀವ್ರ ನಿಗಾ ಘಟಕ ಸೇರಿದರು, ಪುಣ್ಯಕ್ಕೆ ಎಲ್ಲರೂ ಬದುಕಿದರು. ಮೊದಲು ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಮುಂದಿನವರಿಗೆ ಕೊಡುವ ಕ್ರಮ ಅದರಿಂದ ಬಲವಾಯಿತು. 2016ರಲ್ಲಿ ಫ್ರಾನ್ಸಿನ ರೆನ್ ನಗರದ ಪ್ರಯೋಗದಲ್ಲಿ ಒಬ್ಬರು ತೀರಿಕೊಂಡರು. ಅವರು ಆಸ್ಪತ್ರೆ ಸೇರಿದ ಮರುದಿನವೂ ಅದೇ ಗುಂಪಿನ ಉಳಿದವರಿಗೆ ಡೋಸ್ ಹೋಗಿತ್ತು.

ಹಾಗಾಗಿ ಇವನ್ನು ಕೇಳಿಯೇ ಸಹಿ ಮಾಡಿ: ಈ ಔಷಧ ಮನುಷ್ಯರಿಗೆ ಇದೇ ಮೊದಲೇ? ನನಗಿಂತ ಮೊದಲಿನ ಗುಂಪಿಗೆ ಎಷ್ಟು ಡೋಸ್ ಕೊಟ್ಟಿದ್ದೀರಿ, ಏನಾಯಿತು? ಒಬ್ಬರಿಗೆ ತೊಂದರೆಯಾದರೆ ಉಳಿದವರ ಡೋಸ್ ನಿಲ್ಲಿಸುವ ಅಧಿಕಾರ ಯಾರದು? ತೀವ್ರ ನಿಗಾ ಘಟಕ ಎಷ್ಟು ದೂರ? ಹಾನಿಯಾದರೆ ಚಿಕಿತ್ಸೆ, ಪರಿಹಾರ ಯಾರ ಹೊಣೆ? ಕೊನೆಯ ಪ್ರಶ್ನೆಗೆ ಉತ್ತರ ಬಾಯಿಮಾತಿನಲ್ಲಿ ಸಾಲದು, ಸಮ್ಮತಿ ಪತ್ರದಲ್ಲೇ ಬರೆದಿರಬೇಕು.

ಪ್ರಶ್ನೆ: ಎರಡು ಸಲ ಸ್ಕ್ರೀನಿಂಗ್‌ನಲ್ಲೇ ನನ್ನನ್ನು ಬಿಟ್ಟರು. ಲಿವರ್ ಕಿಣ್ವ ಜಾಸ್ತಿಯಿದೆಯಂತೆ. ಕುಡಿಯುವ ಅಭ್ಯಾಸವಿಲ್ಲ, ದಿನಾ ಜಿಮ್‌ಗೆ ಹೋಗುತ್ತೇನೆ. ಏಕೆ ಹೀಗೆ?

ಉತ್ತರ: ಜಿಮ್ಮೇ ಕಾರಣವಿರಬಹುದು. ಲಿವರ್ ಪರೀಕ್ಷೆಯಲ್ಲಿ ನೋಡುವ ಎಎಸ್‌ಟಿ, ಎಎಲ್‌ಟಿ ಎರಡೂ ಸ್ನಾಯುಗಳಲ್ಲೂ ಇವೆ. ಭಾರ ಎತ್ತಿ ಸ್ನಾಯು ದಣಿದಾಗ ಅವು ರಕ್ತಕ್ಕೆ ಸೋರುತ್ತವೆ, ಒಂದು ವಾರವಾದರೂ ಇಳಿಯದೆ ಇರಬಹುದು. ಸಿಕೆ (ಸ್ನಾಯುವಿನ ಕಿಣ್ವ) ಮತ್ತು ಜಿಜಿಟಿಯನ್ನೂ (ಲಿವರ್‌ನಲ್ಲಿದ್ದು ಸ್ನಾಯುವಿನಲ್ಲಿಲ್ಲದ ಕಿಣ್ವ) ನೋಡಲು ನಿಮ್ಮ ವೈದ್ಯರಿಗೆ ಹೇಳಿ: ಸಿಕೆ ಏರಿದ್ದು ಜಿಜಿಟಿ ಸರಿಯಿದ್ದರೆ ಸ್ನಾಯುವಿನ ಮೇಲೇ ಅನುಮಾನ. ಮುಂದಿನ ಸಲ ಒಂದು ವಾರಕ್ಕೂ ಹೆಚ್ಚು ಮೊದಲೇ ಭಾರ ಎತ್ತುವುದನ್ನು ನಿಲ್ಲಿಸಿ. ಆಗಲೂ ಇಳಿಯದಿದ್ದರೆ ಪ್ರಯೋಗದ ಯೋಚನೆ ಬಿಟ್ಟು ಲಿವರ್ ತೋರಿಸಿಕೊಳ್ಳಿ.

ಗಸಗಸೆಯೂ ಹೀಗೆ ಕೈಕೊಡುತ್ತದೆ. ಅದನ್ನು ತಿಂದವರ ಮೂತ್ರದಲ್ಲಿ ಅಫೀಮಿನ ಅಂಶ ಕಾಣಿಸಬಹುದು, ಮಾದಕ ವಸ್ತು ಸೇವಿಸಿದವರೆಂದು ಹೊರಗಿಡುತ್ತಾರೆ.

ಪ್ರಶ್ನೆ: ನನ್ನ ಅಕ್ಕನಿಗೆ ಸಂಧಿವಾತ. ರೋಗಿಗಳ ಮೇಲೆ ಔಷಧದ ಗುಣ ನೋಡುವ ಮೂರನೇ ಹಂತದ ಪ್ರಯೋಗಕ್ಕೆ ಸೇರಬಹುದು ಎಂದು ವೈದ್ಯರು ಹೇಳಿದ್ದಾರೆ. ಔಷಧದ ಬದಲು ಬರಿ ಸಕ್ಕರೆ ಗುಳಿಗೆ ಕೊಟ್ಟುಬಿಟ್ಟರೆ?

ಉತ್ತರ: ಆ ಸಾಧ್ಯತೆ ಇದೆಯೇ ಎಂಬುದನ್ನು ಮುಚ್ಚಿಡುವಂತಿಲ್ಲ, ಯಾವ ಗುಂಪು ಸಿಗುವ ಸಂಭವ ಎಷ್ಟೆಂದೂ ಸಮ್ಮತಿ ಪತ್ರದಲ್ಲಿರುತ್ತದೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ಕಂಪ್ಯೂಟರಿನಲ್ಲಿ ತೀರ್ಮಾನವಾಗುತ್ತದೆ, ವೈದ್ಯರು ಮನಸ್ಸು ಮಾಡಿದರೂ ಬದಲಿಸಲಾರರು. ಡಬಲ್ ಬ್ಲೈಂಡ್ ಎನ್ನುವ ಪ್ರಯೋಗಗಳಲ್ಲಿ ಯಾವುದು ಕೊಟ್ಟಿದ್ದೆಂದು ರೋಗಿಗಷ್ಟೇ ಅಲ್ಲ, ಅವರಿಗೂ ಗೊತ್ತಿರುವುದಿಲ್ಲ. ಆದರೆ ತುರ್ತು ಸಂದರ್ಭದಲ್ಲಿ ಗುಟ್ಟು ಬಿಚ್ಚುವ ವ್ಯವಸ್ಥೆ ಇರಲೇಬೇಕು. ಅಕ್ಕನವರ ಬಳಿ ಸದಾ ಇರಬೇಕಾದ ಚೀಟಿಯಲ್ಲಿ ಪ್ರಯೋಗದ ಸಂಖ್ಯೆ ಮತ್ತು 24 ಗಂಟೆಯೂ ಸಿಗುವ ಫೋನ್ ನಂಬರ್ ಇರಲಿ.

ಈಗ ತೆಗೆದುಕೊಳ್ಳುತ್ತಿರುವ ಔಷಧ ನಿಲ್ಲಿಸಬೇಕೇ, ಅದರ ಜೊತೆಗೇ ಹೊಸದನ್ನು ಕೊಡುತ್ತಾರೆಯೇ? ನೋವು ಹೆಚ್ಚಾದರೆ ಯಾವ ಔಷಧಕ್ಕೆ ಅನುಮತಿಯಿದೆ? ಪ್ರಯೋಗ ಮುಗಿದ ಮೇಲೆ, ಗುಣ ಕಂಡಿದ್ದರೆ, ಅದೇ ಔಷಧ ಸಿಗುತ್ತದೆಯೇ? ಇವು ಮೂರನ್ನೂ ಕೇಳಿಕೊಳ್ಳಿ. ಚಿಕಿತ್ಸೆ ಕೊಡುವ ವೈದ್ಯರೇ ಸಂಶೋಧಕರೂ ಆಗಿದ್ದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಮೇಲು. ತಮ್ಮ ವೈದ್ಯರಿಗೆ ಇಲ್ಲ ಎನ್ನಲು ರೋಗಿಗಳಿಗೆ ಬಾಯಿ ಬರುವುದಿಲ್ಲ.

ಪ್ರಶ್ನೆ: ಸೇರಿದ ಮೇಲೆ ಮಧ್ಯದಲ್ಲಿ ಬಿಡಬಹುದೇ?

ಉತ್ತರ: ಯಾವಾಗ ಬೇಕಾದರೂ, ಕಾರಣ ಹೇಳದೆಯೂ ಬಿಡಬಹುದು; ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಅಡ್ಡಿಯಾಗಬಾರದು. ಆದರೆ ಹೇಳದೆ ಕೇಳದೆ ಗುಳಿಗೆ ನಿಲ್ಲಿಸಬೇಡಿ. ಕೆಲವು ಔಷಧಗಳನ್ನು ಮೆಲ್ಲಗೆ ಇಳಿಸುತ್ತಾ ಬರಬೇಕಾಗುತ್ತದೆ. ಕೊನೆಯ ತಪಾಸಣೆಗೂ ಹೋಗಿ ಬನ್ನಿ, ಅದು ನಿಮ್ಮ ಸುರಕ್ಷತೆಗಾಗಿ. ಅಲ್ಲಿಯವರೆಗೆ ಸಂಗ್ರಹಿಸಿದ ಮಾಹಿತಿಯನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ. ಶೇಖರಿಸಿಟ್ಟ ರಕ್ತದ ಮಾದರಿ ನಾಶಮಾಡಿ ಎಂದು ಕೇಳಬಹುದೇ, ಅರ್ಧಕ್ಕೆ ಬಿಟ್ಟರೆ ಅಷ್ಟು ದಿನದ ಹಣ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ಪೂರ್ತಿ ಹಣ ಕೊನೆಯ ದಿನವೇ ಎಂಬ ಷರತ್ತಿದ್ದರೆ ಜನ ಅಡ್ಡಪರಿಣಾಮ ಮುಚ್ಚಿಟ್ಟು ಉಳಿದುಬಿಡುತ್ತಾರೆ. ಅಂಥದ್ದು ಕಂಡರೆ, ಸೇರಿದವರ ಹಿತ ಕಾಯಲು ಪ್ರಯೋಗದ ಮೇಲೆ ಕಣ್ಣಿಡುವ ನೈತಿಕ ಸಮಿತಿಗೆ ತಿಳಿಸಿ. ಸಮಿತಿಯ ಫೋನ್ ನಂಬರ್ ಸಮ್ಮತಿ ಪತ್ರದಲ್ಲೇ ಇರುತ್ತದೆ.

ಪ್ರಶ್ನೆ: ಒಟ್ಟಿಗೆ ಎರಡು ಪ್ರಯೋಗಗಳಲ್ಲಿ ಇರಬಹುದೇ? ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾರೆ ಸ್ನೇಹಿತರು.

ಉತ್ತರ: ಬೇಡ. ಎರಡು ಹೊಸ ಔಷಧಗಳು ಮೈಯೊಳಗೆ ಸೇರಿದರೆ ಏನಾಗುತ್ತದೆಂದು ಯಾರೂ ಪರೀಕ್ಷಿಸಿರುವುದಿಲ್ಲ. ಎರಡು ಕಡೆ ತೆಗೆದರೆ ಮೈಯಿಂದ ಹೋಗುವ ಒಟ್ಟು ರಕ್ತವೂ ಹೆಚ್ಚಾಗುತ್ತದೆ. ಒಂದು ಮುಗಿದ ಮೇಲೂ ಕಾಯಬೇಕು: 30 ದಿನ, ಇಲ್ಲವೇ ಔಷಧದ ಅರ್ಧಾಯುಷ್ಯದ (ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಕಾಲ) ಐದು ಪಟ್ಟು, ಯಾವುದು ಹೆಚ್ಚೋ ಅಷ್ಟು ಎಂಬುದು ಅನೇಕ ಕಡೆ ಇರುವ ನಿಯಮ, ಕೆಲವರು 90 ದಿನ ಕೇಳುತ್ತಾರೆ. ಐದು ಅರ್ಧಾಯುಷ್ಯ ಕಳೆದಾಗ ರಕ್ತದಲ್ಲಿ ಉಳಿಯುವುದು ಶೇ. 3ರಷ್ಟು. ಮೂರು ವಾರದ ಅರ್ಧಾಯುಷ್ಯವಿರುವ ಆ್ಯಂಟಿಬಾಡಿ ಚುಚ್ಚುಮದ್ದಾದರೆ 15 ವಾರ ಬೇಕಾಗುತ್ತದೆ.