ಹಳದಿ ಕೀವು, ಉರಿಮೂತ್ರ: ಇದು ಬರೀ ಉಷ್ಣ ಅಲ್ಲ

ತೀರ್ಥಹಳ್ಳಿಯ ಒಬ್ಬರು ಕೇಳಿದ್ದಾರೆ: ಕಾಂಡೋಮ್ ಇಲ್ಲದೆ ಸೇರಿ ಐದು ದಿನಕ್ಕೆ ಮೂತ್ರದ್ವಾರದಿಂದ ಹಳದಿ ಕೀವು, ಉರಿಮೂತ್ರ ಶುರುವಾಗಿದೆ, ಇದು ಉಷ್ಣವೇ? ಊರಿನ ಆಸ್ಪತ್ರೆಗೆ ಹೋಗಲು ಅಳುಕು. ಐದೇ ದಿನಕ್ಕೆ ಹೀಗಾದರೆ ಅದು ಬಹುಶಃ ಗೊನೋರಿಯಾ, ಅಂದರೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು. ಜೊತೆಗೆ ಅದೇ ರೀತಿ ಹರಡುವ ಕ್ಲಮೈಡಿಯಾನೂ ಇರಬಹುದು. ಕೀವಿನ ಬಣ್ಣ ನೋಡಿ ಹೇಳಲು ಆಗುವುದಿಲ್ಲ, ಪರೀಕ್ಷೆನೇ ಆಗಬೇಕು. ಉಷ್ಣಕ್ಕೆ ಅಂತ ಮನೆಯಲ್ಲಿ ಕೊಡುವ ಮುರುಗಲು ಪಾನಕ ಕುಡಿಯಿರಿ, ತೊಂದರೆ ಇಲ್ಲ. ಆದರೆ ಅದರಿಂದ ಸೋಂಕು ಹೋಗುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಬೇಡಿ. ಅರ್ಧಂಬರ್ಧ ಆಂಟಿಬಯೋಟಿಕ್ ತಗೊಂಡರೆ ಕೀವು ನಿಂತ ಹಾಗೆ ಕಾಣುತ್ತದೆ, ರೋಗ ಒಳಗೇ ಉಳಿಯುತ್ತದೆ.

ತೀರ್ಥಹಳ್ಳಿಯಲ್ಲಿ ಪರಿಚಯದವರು ಸಿಗುತ್ತಾರೆ ಅನ್ನುವ ಅಳುಕು ನಿಜವಾದದ್ದೇ. ಹಾಗಾದರೆ ನಾಳೆ ಬೆಳಿಗ್ಗೆನೇ ಶಿವಮೊಗ್ಗದ ಬಸ್ ಹತ್ತಿ, ಅಲ್ಲಿನ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ಗೆಳೆಯನೊಬ್ಬನನ್ನು ಕರೆದುಕೊಂಡು ಹೋದಾಗ ನೋಡಿದ್ದೇನೆ: ಚೀಟಿ ಮಾಡಿಸುವಾಗ ‘ಚರ್ಮರೋಗ’ ಅಂದರೆ ಸಾಕು. ಉಳಿದದ್ದು ಡಾಕ್ಟರ ಹತ್ತಿರ ಮಾತ್ರ, ಅಲ್ಲಿ ಏನನ್ನೂ ಮುಚ್ಚಿಡಬೇಡಿ. ಪರೀಕ್ಷೆಗೆ ಮುಂಚೆ ಒಂದೆರಡು ಗಂಟೆ ಮೂತ್ರ ಮಾಡಬೇಡಿ. ಇದೇ ದಾರಿಯಲ್ಲಿ ಹರಡುವ ಎಚ್‌ಐವಿ, ಸಿಫಿಲಿಸ್‌ಗೆ ರಕ್ತಪರೀಕ್ಷೆನೂ ಮಾಡಿಸಿ.

ಸಂಗಾತಿಗೆ ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಹೆಂಗಸರಲ್ಲಿ ಇದು ಲಕ್ಷಣವೇ ತೋರಿಸದೆ ಗರ್ಭನಾಳ ಹಾಳು ಮಾಡಬಹುದು. ಇಬ್ಬರ ಚಿಕಿತ್ಸೆಯೂ ಮುಗಿದು 7 ದಿನ ಆಗುವವರೆಗೆ ಸೇರಬೇಡಿ.

ವೃಷಣ ಊದಿ ನೋವು ಬಂದರೆ, ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಮಾತ್ರ ಶಿವಮೊಗ್ಗದ ಬಸ್ಸಿಗೆ ಕಾಯಬೇಡಿ. ರಾತ್ರಿಯಾದರೂ ಸರಿ, ತಾಲೂಕು ಆಸ್ಪತ್ರೆಯ ಎಮರ್ಜೆನ್ಸಿಗೇ ಹೋಗಿ.